ಚಲುವಮ್ಮ ಹೇಳಿಯೇ ಹೋಗಿದ್ದಳು

ಆ ದಿನ ಬೆಳಗಿನ ಜಾವ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹಿತ್ತಲ ಬಾಗಿಲಲ್ಲಿ ನಿಂತ ಕಾತ್ಯಾಯನಿಗೆ ನಾಲ್ಕು ಮಾರು ದೂರದ ಬಾವಿಕಟ್ಟೆಯೂ ಕಾಣಿಸಲಿಲ್ಲ. ಆಚೆಯ ಕಾಫಿ ಗಿಡಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಧನುರ್ಮಾಸದ ಚಳಿ. ಕೊಡದ ನೀರಿಗೆ ಕೈಯಿಟ್ಟರೆ ಬೆರಳು ಕಚ್ಚಿ ಹಿಡಿದಂತಾಗುತ್ತಿತ್ತು.

ಕೊಡಗು ಇನ್ನೂ ಬೇರೆಯೇ ಒಂದು ರಾಜ್ಯವಾಗಿದ್ದ ಕಾಲ. ಅದು ಮೂರ್ನಾಡಿನ ಕಡೆಯ ಒಂದು ಸಣ್ಣ ಊರು. ಊರಿಗೊಂದು ಈಶ್ವರನ ಗುಡಿ. ಗುಡಿಗೆ ಅರ್ಚಕರು ತಿಮ್ಮಪ್ಪಯ್ಯ, ಅವರ ಹೆಂಡತಿಯೇ ಈ ಕಾತ್ಯಾಯನಿ. ಧನುರ್ಮಾಸ ಬಂತೆಂದರೆ ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ ಆಗಬೇಕು. ಹುಗ್ಗಿ ಬೇಯುವುದು ಅರ್ಚಕರ ಮನೆಯಲ್ಲೇ. ಕಾತ್ಯಾಯನಿ ತಣ್ಣೀರು ಮಿಂದು, ಮಡಿಯುಟ್ಟು, ದೇವರ ಅನ್ನಕ್ಕೆ ಉಸಿರು ತಾಗದಂತೆ ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಮುಂದೆ ಕೂತರೆ, ಗುಡಿಯಲ್ಲಿ ಮಂಗಳಾರತಿಯ ಗಂಟೆ ಕೇಳುವ ತನಕ ಒಂದು ಮಾತೂ ಆಡಳು. ಯಾರು ಕರೆದರೂ ತಿರುಗಿ ನೋಡಳು. ಅದು ಅತ್ತೆ ಕಲಿಸಿದ ನೇಮ. ಅತ್ತೆಗೆ ಅವರ ಅತ್ತೆ ಕಲಿಸಿದ್ದು.

ಮನೆಯ ಹೊರಗೆಲಸಕ್ಕೆ ಚಲುವಮ್ಮ ಇದ್ದಳು. ಕುಶಾಲನಗರದ ಕಡೆಯ ಒಕ್ಕಲು ಮನೆತನದವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಅಲ್ಲೇ ಕೊಟ್ಟು, ತಾನು ಈ ಊರಿನ ಕಾಫಿ ಎಸ್ಟೇಟಿನ ಆಳುಗಳ ಲೈನಿಗೆ ಬಂದು ಸೇರಿದ್ದಳು. ಇನ್ನೂ ಕತ್ತಲಿರುವಾಗ ಹಿತ್ತಲಿಗೆ ಬಂದು ಪಾತ್ರೆ ತಿಕ್ಕಿ, ಕೊಟ್ಟಿಗೆಗೆ ನೀರು ಹೊತ್ತು, ಅಂಗಳಕ್ಕೆ ಸೆಗಣಿ ಸಾರಿಸಿ, ಎಸ್ಟೇಟಿನ ಹಾಜರಿಗೆ ಓಡುವಳು. ಹಾಜರಿಗೆ ತಡವಾದರೆ ಆ ದಿನ ಪಿಕ್ಕಿಂಗ್, ಅಂದರೆ ಕಾಫಿ ಹಣ್ಣು ಕೀಳುವ ಕೆಲಸ, ಇಲ್ಲ. ಸಂಜೆ ಹಣ್ಣು ತೂಗಿ ಮುಗಿಯುವಾಗ ಮತ್ತೆ ಕತ್ತಲೆ.

ಆ ಬೆಳಿಗ್ಗೆ ಪಾತ್ರೆಗಳು ಇಟ್ಟಲ್ಲೇ ಇದ್ದವು. ಹುಗ್ಗಿಯ ತಪ್ಪಲೆಯ ತಳದಲ್ಲಿ ಅಗುಳು ಒಣಗಿ ಕಲ್ಲಾಗಿತ್ತು.

ಕಾತ್ಯಾಯನಿ ಕಾದಳು. ಮಂಜಿನೊಳಗಿನಿಂದ ಹೆಜ್ಜೆಯ ಸದ್ದು ಬರಲಿಲ್ಲ. ಕೊನೆಗೆ ಹುಗ್ಗಿಯ ತಪ್ಪಲೆಯೊಂದನ್ನು ತಾನೇ ಬೂದಿ ಹಾಕಿ ತಿಕ್ಕಿದಳು, ಮತ್ತೆ ಮಿಂದಳು, ಮತ್ತೆ ಒಲೆ ಹೊತ್ತಿಸಿದಳು. ಅಷ್ಟರಲ್ಲಿ ಮಂಜಿನ ಬಣ್ಣ ಬದಲಾಗಿತ್ತು.

"ಬೆಳಕು ಹರಿಯಿತಲ್ಲ ಮಾರಾಯ್ತಿ! ದೇವರನ್ನು ಹಸಿವಿನಲ್ಲಿ ಕೂರಿಸುವುದಾ?" ಎಂದು ತಿಮ್ಮಪ್ಪಯ್ಯ ಬಾಗಿಲಿಗೆ ಬಂದರು. ಕಾತ್ಯಾಯನಿ ಮಾತಾಡುವಂತಿಲ್ಲ. ತಿಕ್ಕದೆ ಉಳಿದ ಪಾತ್ರೆಗಳ ರಾಶಿಯತ್ತ ಬೆರಳು ತೋರಿದಳು. ಮಾತಾಡಲಾಗದ ಸಿಟ್ಟು ಆಡಿದ ಸಿಟ್ಟಿಗಿಂತ ಭಾರ. ಅದು ಒಲೆಯ ಮುಂದೆ ಅವಳ ಜೊತೆಯಲ್ಲೇ ಕೂತು ಬೇಯುತ್ತಿತ್ತು.

ಮಂಗಳಾರತಿಯ ಗಂಟೆ ಆದದ್ದೇ ಬಾಯಿಯ ಬಟ್ಟೆ ಬಿಚ್ಚಿದಳು. ತಿಮ್ಮಪ್ಪಯ್ಯ ನೈವೇದ್ಯದ ತಪ್ಪಲೆ ಹೊತ್ತು ಮನೆಗೆ ಬಂದದ್ದೇ ಶುರುಮಾಡಿದಳು.

"ನೋಡಿದಿರಾ ಅವಳ ಕೆಲಸ? ಒಂದು ಮಾತು ಹೇಳದೆ ಬಿಟ್ಟುಬಿಟ್ಟಳು. ಅದೂ ಧನುರ್ಮಾಸದಲ್ಲಿ! ಹಬ್ಬಕ್ಕೆ ಸೀರೆ, ಜ್ವರ ಬಂದರೆ ಕಷಾಯ, ಏನು ಕಮ್ಮಿ ಮಾಡಿದ್ದೆ?"

ಪ್ರಸಾದಕ್ಕೆಂದು ಸುಬ್ಬಣ್ಣ ಆಗಲೇ ಜಗಲಿಯಲ್ಲಿ ಕೂತಿದ್ದರು. ಗುಡಿಯ ಪಾರುಪತ್ಯ ನೋಡಿಕೊಳ್ಳುವವರು. ಕೆಟ್ಟವರೇನಲ್ಲ, ನಾಲಿಗೆಗೆ ಮಾತ್ರ ಬಾಗಿಲಿಲ್ಲ. ಬಿಸಿ ಹುಗ್ಗಿಯನ್ನು ಎಲೆಯಲ್ಲಿ ಆರಿಸಿಕೊಳ್ಳುತ್ತ ಕೇಳಿದರು:

"ಪಾತ್ರೆ ಎಣಿಸಿದಿರಾ?"

"ಎಂತಕ್ಕೆ?"

"ಎಂತಕ್ಕೆ ಅಂದರೆ? ಹೇಳದೆ ಹೋಗುವವರು ಬರಿಗೈಯಲ್ಲಿ ಹೋಗುತ್ತಾರಾ ಕಾತ್ಯಾಯನಮ್ಮ? ಮೊದಲು ಎಣಿಸಿ. ನಾನೇನು ಅಂದೆ ಅಂತಲ್ಲ."

ಸುಬ್ಬಣ್ಣ ಎಲೆ ಬಿಸಾಡಿ ಕೈ ತೊಳೆದು ಹೋದರು. ಕಾತ್ಯಾಯನಿ ಒಳಗೆ ಹೋಗಿ ಎಣಿಸಿದಳು. ಚೊಂಬು, ತಂಬಿಗೆ, ಹರಿವಾಣ, ಸೌಟು. ಎಲ್ಲ ಇತ್ತು. ಎಲ್ಲ ಇದೆಯಲ್ಲ ಎಂದುಕೊಂಡು ಸುಮ್ಮನಾದಳು. ಅದನ್ನು ಹೊರಗೆ ಬಂದು ಯಾರಿಗಾದರೂ ಹೇಳಬೇಕೆಂದು ಅವಳಿಗೆ ತೋಚಲಿಲ್ಲ. ಎಣಿಸುವ ಮಾತು ಊರು ಸುತ್ತಿತು. ಎಣಿಸಿ ಮುಗಿದ ಮಾತು ಹೊಸಿಲು ದಾಟಲಿಲ್ಲ.

ದಿನಗಳು ಹೋದವು. ಚಲುವಮ್ಮ ಬರಲಿಲ್ಲ. ಕಾತ್ಯಾಯನಿಯ ಬೆನ್ನು ಹಿಡಿದುಕೊಂಡಿತು. ಬೂದಿಗೂ ತಣ್ಣೀರಿಗೂ ಬೆರಳ ಸಂದುಗಳು ಒಡೆದವು. ನೈವೇದ್ಯ ದಿನವೂ ತಡ. ದೇವರು ಏನೂ ಅನ್ನಲಿಲ್ಲ, ಊರವರು ಅಂದರು. ಬದಲಿಗೆ ಯಾರಾದರೂ ಸಿಗುತ್ತಾರೋ ಎಂದರೆ ಪಿಕ್ಕಿಂಗ್ ಕಾಲ, ಕೈ ಆಡುವವರೆಲ್ಲ ಎಸ್ಟೇಟಿನಲ್ಲಿ. ಕೊನೆಗೆ ಕಾತ್ಯಾಯನಿ ಸಂಕೋಚ ಬಿಟ್ಟು, ಸುಬ್ಬಣ್ಣನ ಮನೆಗೆ ಕೆಲಸಕ್ಕೆ ಬರುವ ಯಮುನಳನ್ನು ದಾರಿಯಲ್ಲಿ ನಿಲ್ಲಿಸಿದಳು.

"ಅವರ ಮನೆ ಕೆಲಸ ಮುಗಿಸಿ ನಮ್ಮಲ್ಲಿಗೂ ಒಂದು ಗಳಿಗೆ ಬಾ ಯಮುನ. ಅವರಿಗಿಂತ ಹೆಚ್ಚೇ ಕೊಡುವ."

ಯಮುನ ತಲೆಯ ಮೇಲಿನ ಸೌದೆ ಹೊರೆ ಸರಿಮಾಡಿಕೊಂಡಳು. "ಬೇಡ ಅಮ್ಮ. ನಿಮ್ಮ ಮನೆ ಕೆಲಸ ಬಿಟ್ಟವರನ್ನು ಕಳ್ಳಿ ಅಂತೀರಂತೆ. ನಾಳೆ ನಾನು ಹುಷಾರಿಲ್ಲದೆ ಮಲಗಿದರೆ ನನ್ನನ್ನೂ ಅಂತೀರಿ."

"ಕಳ್ಳಿ ಅಂತ ಯಾರು ಅಂದದ್ದು?"

"ಊರೆಲ್ಲ ಅಂತದೆ. ನಿಮಗೇ ಗೊತ್ತಿಲ್ವಾ?" ಎಂದು ಅವಳು ನಡೆದೇಬಿಟ್ಟಳು.

ಕಾತ್ಯಾಯನಿ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ತಾನು ಆಡದ ಮಾತು ತನ್ನ ಹೆಸರಿನಲ್ಲಿ ಊರು ತಿರುಗುತ್ತಿದೆ. ಅದು ತನ್ನ ತಪ್ಪೋ ಅಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ವಾರಿಜಾಕ್ಷಿ ಬಂದಳು. ಕಾತ್ಯಾಯನಿಯ ಚಿಕ್ಕಮ್ಮನ ಮಗಳು, ಮೂರ್ನಾಡಿನ ಶಾಲೆಯಲ್ಲಿ ಟೀಚರು. ಮಹಿಳಾ ಸಮಾಜದ ಕೆಲಸವೆಂದು ಊರೂರು ಸುತ್ತುವವಳು. ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಬಾವಿಕಟ್ಟೆಯಲ್ಲಿ ಅಕ್ಕ ಒಬ್ಬಳೇ ಬಗ್ಗಿ ಪಾತ್ರೆ ತಿಕ್ಕುತ್ತಿದ್ದದ್ದು, ಮತ್ತು ಜಗಲಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದ ಭಾವ.

"ಭಾವ, ನಿಮಗೆ ಶಂಖ ತೊಳೆಯಲು ಬರ್ತದೆ, ಹರಿವಾಣ ತೊಳೆಯಲು ಬರ್ತದೆ. ಸೌಟು ತೊಳೆಯುವ ಮಂತ್ರ ಮಾತ್ರ ಕಲಿಸಲಿಲ್ವಾ ಗುರುಗಳು?"

ತಿಮ್ಮಪ್ಪಯ್ಯ ನಕ್ಕರು, ನಾಚಿದರು, ಅಡಕತ್ತರಿ ಕೆಳಗಿಟ್ಟರು. "ನೀರು ಸೇದಿ ಕೊಡ್ತೇನೆ ಅಂದೆ. ಇವಳೇ ಬೇಡ ಅಂದದ್ದು."

"ಅಂದೀರಿ, ಒಂದು ಸಲ. ಪ್ರಸಾದ ಬೇಡ ಅಂದವರಿಗೆ ನೀವು ಒಂದೇ ಸಲ ಕೇಳಿ ಬಿಡ್ತೀರಾ?"

ಅಂದಿನಿಂದ ಆ ಮನೆಯಲ್ಲಿ ನೀರು ಸೇದುವ ಕೆಲಸ ತಿಮ್ಮಪ್ಪಯ್ಯನವರದಾಯಿತು. ಅವರ ಅರ್ಚಕತನಕ್ಕೆ ಅದರಿಂದ ಕುಂದೇನೂ ಬರಲಿಲ್ಲ.

ಕಾತ್ಯಾಯನಿ ಸೆರಗಿಗೆ ಕೈ ಒರೆಸಿಕೊಂಡು ಎಲ್ಲ ಹೇಳಿಕೊಂಡಳು. ವಾರಿಜಾಕ್ಷಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಅವಳು ಬದುಕಿದ್ದಾಳಾ ಅಕ್ಕ?"

"ಥೂ, ಎಂಥ ಮಾತು!"

"ಅಲ್ಲ, ಕೇಳಿದೆ. ಇಷ್ಟು ವರ್ಷ ದಿನ ತಪ್ಪದೆ ಬಂದವಳು ಒಂದು ದಿನ ಬರಲಿಲ್ಲ. ನೀನು ಪಾತ್ರೆ ಎಣಿಸಿದೆ. ಅವಳಿಗೆ ಜ್ವರವೋ, ಹಾವು ಕಚ್ಚಿತೋ, ಯಾರಾದರೂ ಸತ್ತರೋ ಅಂತ ಒಬ್ಬರಾದರೂ ಲೈನಿನ ತನಕ ಹೋದಿರಾ?"

"ಧನುರ್ಮಾಸದಲ್ಲಿ ಲೈನಿಗೆ ಹೋಗುವುದು ಹೇಗೆ ವಾರಿಜ? ಮಡಿ ಮೈಲಿಗೆ..."

"ಬಂದು ಮಿಂದರಾಯಿತು. ಬಾವಿಯಲ್ಲಿ ನೀರಿಗೆ ಬರವಾ? ಓಟಿನ ದಿನ ನಿನ್ನ ಹಿಂದೆಯೇ ಸಾಲಿನಲ್ಲಿ ಚಲುವಮ್ಮ ನಿಂತಿದ್ದಳು, ನೆನಪಿದೆಯಾ? ನಿನಗೂ ಒಂದು ಚೀಟಿ, ಅವಳಿಗೂ ಒಂದು. ನಮ್ಮ ಕೊಡಗು ರಾಜ್ಯಕ್ಕೆ ಅವಳು ಬೇಕು. ನಮ್ಮ ಮನೆಗೆ ಅವಳ ಕೈ ಮಾತ್ರ ಬೇಕು, ಅಲ್ವಾ?"

ಕಾತ್ಯಾಯನಿಗೆ ಸಿಟ್ಟು ಬಂತು. "ನಿನ್ನ ಭಾಷಣ ಶಾಲೆಯಲ್ಲಿಟ್ಟುಕೋ. ಹೋಗುವವಳು ಹೇಳಿ ಹೋಗಬಹುದಿತ್ತಲ್ಲ? ಬಾಯಿ ಇರಲಿಲ್ವಾ ಅವಳಿಗೆ?"

"ಅದೂ ಸರಿ. ಹೇಳಿ ಹೋಗಬೇಕಿತ್ತು. ಅವಳು ನಿನ್ನ ಜೊತೆ ಕೊನೆಗೆ ಮಾತಾಡಿದ್ದು ಯಾವಾಗ?"

"ಧನುರ್ಮಾಸ ಹಿಡಿದ ಮೇಲೆ ಮಾತೆಲ್ಲಿ? ಅವಳು ಬರುವ ಹೊತ್ತಿಗೆ ನನ್ನ ಬಾಯಿಗೆ ಬಟ್ಟೆ. ಗಂಟೆ ಆಗುವ ಹೊತ್ತಿಗೆ ಅವಳು ಹಾಜರಿಗೆ ಹೋಗಿರ್ತಾಳೆ."

"ನೀನು ಮಾತಾಡಿಲ್ಲ, ಒಪ್ಪಿದೆ. ಅವಳು?"

ಕಾತ್ಯಾಯನಿಯ ಕಣ್ಣು ಹಿತ್ತಲ ಬಾಗಿಲತ್ತ ಹೋಯಿತು.

ಚಲುವಮ್ಮ ಬಾರದೆ ಇದ್ದ ದಿನದ ಹಿಂದಿನ ಬೆಳಿಗ್ಗೆ. ಅದರ ಹಿಂದಿನ ಬೆಳಿಗ್ಗೆಯೂ. ಒಲೆಯಲ್ಲಿ ಹಸಿ ಸೌದೆ ಚಟಪಟ ಅನ್ನುತ್ತಿತ್ತು. ಮನಸ್ಸಿನಲ್ಲಿ ರುದ್ರಾಭಿಷೇಕದ ಹೊತ್ತಿಗೆ ತಪ್ಪಲೆ ಇಳಿಸಬೇಕೆಂಬ ಅವಸರ. ಹಿತ್ತಲ ಬಾಗಿಲ ಆಚೆ ಒಂದು ದನಿ: ಅಮ್ಮಾರೆ... ಅಮ್ಮಾರೆ, ಒಸಿ ಈ ಕಡೆ ನೋಡಿ... ನನ್ ಗಂಟು... ಮಗಳಿಗೆ... ಅವಳು ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ಗಂಟೆಯಾದ ಮೇಲೆ ಕೇಳಿದರಾಯಿತು ಎಂದುಕೊಂಡಿದ್ದಳು. ಗಂಟೆಯಾದ ಮೇಲೆ ಮರೆತಿದ್ದಳು. ಮರುದಿನ ಅದೇ ದನಿ, ಇನ್ನೂ ಸಣ್ಣದಾಗಿ. ಆಮೇಲೆ ಅಂಗಳದಲ್ಲಿ ಹೆಜ್ಜೆ ದೂರವಾದ ಸದ್ದು.

"ಅಕ್ಕ, ಏನಾಯಿತು?"

"ಕೇಳಿದ್ದಳು," ಎಂದಳು ಕಾತ್ಯಾಯನಿ. "ಅವಳ ಗಂಟು ಕೇಳಿದ್ದಳು."

"ಎಂಥ ಗಂಟು?"

ಕಾತ್ಯಾಯನಿ ಎದ್ದು ದೇವರ ಕೋಣೆಗೆ ಹೋದಳು. ಗೂಡಿನಲ್ಲಿ ಅರಸಿನ ಬಟ್ಟೆಯ ಸಣ್ಣ ಗಂಟು. ಒಳಗೆ ಒಂದು ಜೊತೆ ಬೆಳ್ಳಿಯ ಕಡಗ. ಚಲುವಮ್ಮನ ತಾಯಿಯ ಕಾಲದ್ದು. ಲೈನಿನಲ್ಲಿ ಬೀಗವಿಲ್ಲದ ಬಾಗಿಲು, ದೇವರ ಹತ್ತಿರ ಇದ್ದರೆ ಭಯವಿಲ್ಲ ಎಂದು ತಂದು ಒಪ್ಪಿಸಿದ್ದಳು. ಅವಳ ಹತ್ತಿರ ಇದ್ದ ಆಸ್ತಿಯೆಂದರೆ ಅದೊಂದೇ.

ವಾರಿಜಾಕ್ಷಿ ಗಂಟನ್ನು ನೋಡಿದಳು, ಅಕ್ಕನ ಮುಖ ನೋಡಿದಳು. ತಮಾಷೆಯೆಲ್ಲ ಅವಳ ದನಿಯಿಂದ ಇಳಿದುಹೋಗಿತ್ತು. "ಅವಳ ಮನೆಯ ವಸ್ತು ನಿನ್ನ ಮನೆಯಲ್ಲಿದೆ. ಊರು ಅವಳನ್ನು ಕಳ್ಳಿ ಅನ್ನುತ್ತಿದೆ. ಎದ್ದೇಳು ಅಕ್ಕ, ಲೈನಿಗೆ ಹೋಗುವ."

ತಿಮ್ಮಪ್ಪಯ್ಯ ಬಾವಿಕಟ್ಟೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಹಗ್ಗ ಕೈಯಲ್ಲೇ ಇತ್ತು.

ಲೈನು ಅಂದರೆ ಉದ್ದಕ್ಕೆ ಒಂದೇ ಮಾಡಿನ, ಒಂದೇ ಸೂರಿನ ಸಾಲುಮನೆಗಳು. ಕಾತ್ಯಾಯನಿ ಈ ಊರಿಗೆ ಮದುವೆಯಾಗಿ ಬಂದಾಗಿನಿಂದ ಅದರ ಮಾಡು ಮಾತ್ರ ನೋಡಿದ್ದಳು, ದೂರದಿಂದ. ಚಲುವಮ್ಮನ ಮನೆ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಕೇಳುವ ಅಗತ್ಯ ಬೀಳಲಿಲ್ಲ. ಕೊನೆಯ ಬಾಗಿಲ ಮುಂದೆ ಒಂದು ಚಾಪೆ, ಒಂದು ಮಡಕೆ, ಗಾಜು ಒಡೆದ ದೇವರ ಪಟ ಬಯಲಲ್ಲಿ ಬಿದ್ದಿದ್ದವು. ಚಾಪೆ ಇಬ್ಬನಿಗೆ ನೆನೆದು ಕಪ್ಪಾಗಿತ್ತು.

ಪಕ್ಕದ ಬಾಗಿಲಲ್ಲಿ ದೊಡ್ಡಿ ಕೂತಿದ್ದಳು, ಹಣ್ಣು ಕೀಳಲಾರದಷ್ಟು ವಯಸ್ಸಾದ ಮುದುಕಿ. ಯಾರೆಂದು ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಹತ್ತಿದ ಮೇಲೂ ಏಳಲಿಲ್ಲ.

"ಭಟ್ರ ಮನೆ ಅಮ್ಮ. ಇನ್ನೇನು ಉಳಿದದೆ ಅಂತ ಬಂದ್ರಿ?"

"ಚಲುವಮ್ಮ ಎಲ್ಲಿ ಅಜ್ಜಿ?" ಎಂದಳು ವಾರಿಜಾಕ್ಷಿ.

"ಆಸ್ಪತ್ರೆಲಿ. ಮಡಿಕೇರಿಲಿ. ಅಳಿಯ ಓಡಿ ಬಂದಿದ್ದ. ಅವಳ ಮಗಳು ನಿಂಗಮ್ಮ ತುಂಬಿದ ಬಸುರಿ. ಕಾಲು ಊದಿ, ಕಣ್ಣು ಕತ್ತಲೆ ಬರ್ತದೆ ಅಂತ. ಸೂಲಗಿತ್ತಿ, ನನ್ನ ಕೈಲಾಗದು, ಬೇಗ ಕಾರು ಮಾಡಿ ದೊಡ್ಡಾಸ್ಪತ್ರೆಗೆ ಕೊಂಡೋಗಿ ಅಂದಳಂತೆ. ಕಾರು ಮಾಡೋಕೆ ಏನಿದೆ ಅವಳ ಹತ್ರ? ಕಡಗ ಒಂದಿತ್ತು, ನಿಮ್ಮ ದೇವರ ಗೂಡಲ್ಲಿ. ಎರಡು ದಿನ ಹೋಗಿ ಕೇಳಿದಳು, ಭಟ್ರು ಗುಡೀಲಿದ್ರಂತೆ. ನೀವು ಮುಖವೇ ತಿರುಗಿಸಲಿಲ್ಲವಂತೆ. ಕೊಡಲ್ಲ ಅಂತ ಅರ್ಥ ಕಣಜ್ಜಿ ಅಂತ ಅತ್ತಳು. ಆಮೇಲೆ ಮಗಳ ಊರಿಗೆ ನಡೆದುಕೊಂಡೇ ಹೋದಳು."

ಕಾತ್ಯಾಯನಿ ಗೋಡೆಗೆ ಕೈ ಊರಿದಳು. ದೇವರ ಹುಗ್ಗಿಗೆ ಉಸಿರು ತಾಗಬಾರದೆಂದು ತಾನು ಮೌನವಾಗಿದ್ದಳು. ಆ ಮೌನ ಒಬ್ಬ ತಾಯಿಗೆ ಇಲ್ಲ ಎಂಬ ಉತ್ತರವಾಗಿ ಕೇಳಿತ್ತು.

ಆಗಲೇ ರೈಟರ್ ದೇವರಾಜು ಬಂದರು. ಆಳುಗಳ ಹಾಜರಿ, ಲೈನಿನ ಮನೆ ಎಲ್ಲ ಅವರ ಕೈಯಲ್ಲಿ. "ನೀವ್ಯಾಕೆ ಇಲ್ಲಿಗೆ ಬರೋಕೆ ಹೋದ್ರಿ ಅಮ್ಮಾವ್ರೆ? ಹೇಳಿ ಕಳಿಸಿದ್ರೆ ಸಾಕಿತ್ತು. ಭಟ್ರ ಮನೆ ಪಾತ್ರೆ ಕದ್ದೋಳಿಗೆ ನಮ್ಮ ಲೈನಲ್ಲಿ ಜಾಗ ಇಲ್ಲ ಅಂತ ನಾನೇ ಸಾಮಾನು ಹೊರಗೆ ಹಾಕಿಸಿದೆ. ಪಾತ್ರೆ ಮಾತ್ರ ಸಿಗಲಿಲ್ಲ."

ತೂಕಕ್ಕೆ ಹಣ್ಣಿನ ಚೀಲ ಹೊತ್ತು ಬರುತ್ತಿದ್ದ ಹೆಂಗಸರು ನಿಂತರು. ಕನ್ನಡದವರು, ಮಲಯಾಳದವರು, ತಮಿಳಿನವರು. ಮಾತು ಗೊತ್ತಾಗದವರಿಗೂ ವಿಷಯ ಗೊತ್ತಿತ್ತು.

ಕಾತ್ಯಾಯನಿ ಜನರ ಎದುರು ದನಿಯೆತ್ತಿ ಮಾತಾಡಿದವಳಲ್ಲ. ಈಗ ಒಂದು ಹೆಜ್ಜೆ ಮುಂದೆ ಬಂದಳು. "ನಮ್ಮ ಮನೆಯದು ಒಂದು ಚಮಚವೂ ಹೋಗಿಲ್ಲ ರೈಟರೇ," ಎಂದಳು. "ನಾನೇ ಎಣಿಸಿದ್ದೇನೆ. ಅವಳು ಏನೂ ಕದ್ದಿಲ್ಲ. ಅವಳದೇ ಒಂದು ವಸ್ತು ನಮ್ಮಲ್ಲಿ ಉಳಿದಿದೆ. ಕೇಳಿದಾಗ ನಾನು ಕೊಡಲಿಲ್ಲ."

"ಮತ್ತೆ ಸುಬ್ಬಣ್ಣನವರು..."

"ಸುಬ್ಬಣ್ಣನವರಿಗೂ ನಾನೇ ಹೇಳ್ತೇನೆ. ಅವಳ ಸಾಮಾನು ಒಳಗಿಡಿಸಿ. ಅವಳ ಹೆಸರು ಕೆಟ್ಟದ್ದು ನಮ್ಮ ಮನೆಯ ಜಗಲಿಯಿಂದ."

ರೈಟರು ತಲೆ ಕೆರೆದುಕೊಂಡರು. "ನಿಮ್ಮ ಮಾತು ನಂಬಿ ಹೊರಗೆ ಹಾಕಿದೆ, ನಿಮ್ಮ ಮಾತು ನಂಬಿ ಒಳಗಿಡ್ತೀನಿ. ಆದ್ರೆ ಅಮ್ಮಾವ್ರೆ, ಮುಂದಿನ ಸಲ ಮೊದಲೇ ಎಣಿಸಿಬಿಟ್ಟು ಮಾತಾಡಿ."

ಯಾರೋ ಒಬ್ಬಳು ಚೀಲ ಇಳಿಸಿ ಒದ್ದೆ ಚಾಪೆಯನ್ನು ಎತ್ತಿ ಕೊಡವಿದಳು. ದೊಡ್ಡಿ ಒಡೆದ ಪಟವನ್ನು ಸೆರಗಿನಿಂದ ಒರೆಸಿ ಒಳಗೆ ಕೊಂಡುಹೋದಳು.

ಹಿಂತಿರುಗುವ ದಾರಿಯಲ್ಲಿ ಕಾತ್ಯಾಯನಿ ಕೇಳಿದಳು:

"ಅವಳು ಬರದೆ ಇದ್ದ ದಿನವೇ ನಾನೇನು ಮಾಡಬೇಕಿತ್ತು ವಾರಿಜ?"

"ಅದೇ ದಿನ ಮಧ್ಯಾಹ್ನ ಇಲ್ಲಿಗೆ ಬಂದು ಕೇಳಬೇಕಿತ್ತು. ಬರಲಾಗದಿದ್ದರೆ ಯಾರನ್ನಾದರೂ ಕಳಿಸಬೇಕಿತ್ತು. ಅವಳಿಗೆ ಕಷ್ಟವಿದ್ದರೆ ಕೈಲಾದ್ದು ಮಾಡುವುದು. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿ ಹೋಗಿದ್ದರೆ, ಹೋಗಲಿ. ಅವಳು ನಮ್ಮ ಮನೆಗೆ ಕಟ್ಟಿದ ದನವಲ್ಲ. ಅವಳಿಗೆ ಸೇರಬೇಕಾದ್ದನ್ನು, ಸಂಬಳವಾಗಲಿ ವಸ್ತುವಾಗಲಿ, ಅವಳು ಕೇಳುವ ಮೊದಲೇ ತಲುಪಿಸುವುದು. ಹೇಳದೆ ಹೋದಳು ಅಂತ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಸಿಟ್ಟು ನಮ್ಮದು, ದುಡಿಮೆ ಅವಳದು."

"ಮತ್ತೆ ಮನೆ ಕೆಲಸ?"

"ಭಾವ ಇದ್ದಾರಲ್ಲ. ಎರಡು ಕೈ ಇರುವವರು! ಅಡಿಗೆ ನಾಲ್ಕು ಬಗೆ ಮಾಡುವಲ್ಲಿ ಎರಡು ಬಗೆ ಮಾಡು, ಪಾತ್ರೆ ಅರ್ಧ ಆಗ್ತದೆ. ಯಮುನಳನ್ನು ಸುಬ್ಬಣ್ಣನ ಮನೆಯಿಂದ ಎಳೆಯಲು ಹೋದೆಯಲ್ಲ, ಅದು ಮಾತ್ರ ತಪ್ಪು ಅಕ್ಕ. ನಾಳೆ ಅವರ ಮನೆಯಲ್ಲೂ ಇದೇ ಗೋಳು."

ಕಾತ್ಯಾಯನಿ ದಾರಿಗೆ ಬಾಗಿದ ಕಾಫಿ ಕೊಂಬೆ ಸರಿಸಿ ನಡೆದಳು. ವಾರಿಜಾಕ್ಷಿ ಮುಂದುವರಿಸಿದಳು:

"ಇನ್ನು ಯಾರನ್ನೇ ಇಟ್ಟುಕೊಂಡರೂ ಮೊದಲ ದಿನವೇ ಕೂರಿಸಿ ಮಾತಾಡು. ಯಾವ ದಿನ ರಜ, ಹುಷಾರಿಲ್ಲದಿದ್ದರೆ ಯಾರ ಕೈಲಿ ಹೇಳಿ ಕಳಿಸುವುದು, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳುವುದು. ಬೇಡ ಅಂತ ನಾವು ಬಿಡಿಸುವುದಾದರೂ ಅಷ್ಟೇ ದಿನ ಮೊದಲು ಹೇಳಬೇಕು, ಮತ್ತೆ! ಅವಳ ಮನೆ ಎಲ್ಲಿ, ಅವಳ ಮಕ್ಕಳು ಯಾರು ಅಂತ ತಿಳಿದಿರಬೇಕು. ಮತ್ತೆ ದಿನಕ್ಕೆ ಒಂದು ಗಳಿಗೆಯಾದರೂ ಅವಳು ಮಾತಾಡಿದರೆ ಕೇಳಲು ನಮಗೆ ಕಿವಿ ಇರಬೇಕು."

"ನನ್ನ ನೇಮ?"

ಇದಕ್ಕೆ ಉತ್ತರ ಕೊಟ್ಟದ್ದು ವಾರಿಜಾಕ್ಷಿಯಲ್ಲ. ಆ ರಾತ್ರಿ ಊಟವಾದ ಮೇಲೆ ತಿಮ್ಮಪ್ಪಯ್ಯ ತಾವಾಗಿಯೇ ಹೇಳಿದರು. "ನಾಳೆ ಹುಗ್ಗಿ ನಾನು ಮಾಡ್ತೇನೆ. ನೀವಿಬ್ಬರೂ ಮೊದಲ ಬಸ್ಸಿಗೆ ಮಡಿಕೇರಿಗೆ ಹೋಗಿ."

"ಆಸ್ಪತ್ರೆಗೆ ಹೋಗಿ ಬಂದರೆ ಮೈಲಿಗೆ ಅಂತೀರಿ ಅಂದುಕೊಂಡಿದ್ದೆ."

"ಅಂತಿದ್ದೆ, ನಿನ್ನೆಯಾದರೆ." ಅವರು ದೀಪದ ಬತ್ತಿ ಸರಿಮಾಡಿದರು. "ದಿನವೂ ಅಭಿಷೇಕದ ಹೊತ್ತಿಗೆ ಶಿವನನ್ನು ಕರೀತೇನೆ ಕಾತ್ಯಾಯನಿ. ಎಷ್ಟು ಸಲ ಕರೆದರೂ ಅವನು ಗೋಡೆ ಕಡೆ ಮುಖ ಮಾಡಿ ಕೂತಿದ್ದಾನೆ ಅಂತ ನನಗೆ ಅನಿಸಿದರೆ ನಾನು ಯಾರ ಹತ್ತಿರ ಹೋಗಲಿ? ನಿನ್ನ ನೇಮ ಬಿಡುವುದು ಬೇಡ. ಯಾರಾದರೂ ಕರೆದರೆ ಒಲೆಯಿಂದ ಎದ್ದು ಬಂದು, ಬಟ್ಟೆ ಬಿಚ್ಚಿ, ಕೇಳು. ಮತ್ತೆ ಕೈಕಾಲು ತೊಳೆದು ಕೂತುಕೋ. ಹುಗ್ಗಿ ತಡವಾದರೆ ಅವನಿಗೆ ನಾನು ಹೇಳ್ತೇನೆ."

ಮರುದಿನ ಭಾನುವಾರ. ಬಸ್ಸು ಮಂಜಿನಲ್ಲಿ ಹಾರ್ನ್ ಹೊಡೆಯುತ್ತ ನಿಧಾನ ಏರಿತು. ಕಾತ್ಯಾಯನಿ ಅರಸಿನ ಬಟ್ಟೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಬೇಡುತ್ತಿದ್ದಳು: ಎರಡು ಜೀವ ಉಳಿದಿರಲಿ.

ಒಂದು ಉಳಿದಿತ್ತು.

ಹೆರಿಗೆ ವಾರ್ಡಿನ ಜಗಲಿಯಲ್ಲಿ ಚಲುವಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಗಳನ್ನು ಎತ್ತಿನ ಗಾಡಿಯಲ್ಲಿ ಕರೆತಂದಿದ್ದರು, ಆ ಏರು ದಾರಿಯಲ್ಲಿ. ತಲುಪುವಾಗ ಹೊತ್ತು ಮೀರಿತ್ತು. ಡಾಕ್ಟರು ತಾಯಿಯನ್ನು ಉಳಿಸಿಕೊಟ್ಟರು. ಗಂಡು ಕೂಸು, ಉಳಿಯಲಿಲ್ಲ. ಕಾರಿನಲ್ಲಿ ಬಂದಿದ್ದರೆ ಅದೂ ಉಳಿಯುತ್ತಿತ್ತೋ ಇಲ್ಲವೋ, ಈಶ್ವರ ಬಲ್ಲ. ನಾವು ಬಲ್ಲೆವೆಂದು ಹೇಳಬಾರದು. ಆದರೆ ಕಾತ್ಯಾಯನಿಗೆ ಆ ಪ್ರಶ್ನೆಯಿಂದ ಬಿಡುಗಡೆ ಸಿಗುವುದು ಕಷ್ಟ.

ಚಲುವಮ್ಮ ತಲೆ ಎತ್ತಿದಳು. ಅವಳಿಗೆ ಆಶ್ಚರ್ಯವಾಗುವ ಶಕ್ತಿಯೂ ಉಳಿದಿರಲಿಲ್ಲ. "ಅಮ್ಮಾರೆ. ಇಲ್ಲಿಗಂಟ ಬಂದ್ರಾ?"

"ನೀನು ಕೇಳಿದ್ದು ನನಗೆ ಅರ್ಧ ಕೇಳಿತ್ತು ಚಲುವ. ಬಾಯಿಗೆ ಬಟ್ಟೆ ಇತ್ತು. ಆಮೇಲೆ ಕೇಳುವ ಅಂತ..."

"ನಾನು ಹಂಗಂದ್ಕಳ್ಳಲಿಲ್ಲ. ಬಡವರ ವಸ್ತು ದೊಡ್ಡೋರ ಮನೆ ಸೇರಿದ್ರೆ ಮುಗೀತು ಅಂದ್ಕಂಡೆ. ಮನಸ್ಸಲ್ಲಿ ನಿಮ್ಗೆ ಶಾಪ ಹಾಕ್ಬಿಟ್ಟೆ ಅಮ್ಮಾರೆ."

"ಹಾಕಿದ್ದು ಹಾಕಿದೆ. ಇರಲಿ."

ಒಳಗಿನಿಂದ ನಿಂಗಮ್ಮನ ನರಳುವಿಕೆ ಕೇಳಿತು. ವಾರಿಜಾಕ್ಷಿ ಸದ್ದಿಲ್ಲದೆ ಒಳಗೆ ಹೋಗಿ ಅವಳ ಹಣೆಯ ಮೇಲೆ ಕೈಯಿಟ್ಟು ಕೂತಳು.

ಕೆಲಸಕ್ಕೆ ಜನ ಇಟ್ಟುಕೊಂಡಿರುವ ಅಮ್ಮಂದಿರೇ, ಅಯ್ಯಂದಿರೇ, ಈ ಇಬ್ಬರನ್ನು ಒಂದು ಗಳಿಗೆ ಆ ಜಗಲಿಯಲ್ಲೇ ಬಿಟ್ಟು ನಿಮ್ಮ ಹತ್ತಿರ ಎರಡು ಮಾತು. ನಿಮ್ಮ ಹಿತ್ತಲಲ್ಲೂ ಒಂದು ಬೆಳಿಗ್ಗೆ ಪಾತ್ರೆ ಹಾಗೆಯೇ ಬಿದ್ದಿರಬಹುದು. ಆಗ ನಿಮಗೆ ಕಷ್ಟವಾಗುತ್ತದೆ, ಸಿಟ್ಟೂ ಬರುತ್ತದೆ, ಅದು ಸಹಜ. ಆದರೆ ಪಾತ್ರೆ ಎಣಿಸುವ ಮೊದಲು ಅವಳ ಮನೆಗೆ ಹೋಗಿ. ಅವಳ ಮನೆ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ ಇವತ್ತೇ, ಅವಳು ಕೆಲಸಕ್ಕೆ ಬಂದಿರುವಾಗಲೇ, ಕೇಳಿ ತಿಳಿದುಕೊಳ್ಳಿ. ಕಣ್ಣಾರೆ ಕಾಣದ ಕಳವನ್ನು ಬಾಯಿಗೆ ತರಬೇಡಿ. ಆ ಒಂದು ಮಾತಿಗೆ ಅವಳ ಬಾಗಿಲು, ಅವಳ ಅನ್ನ ಎರಡೂ ಹೋಗುತ್ತವೆ. ನಾವು ಆಡದಿದ್ದರೂ ನಮ್ಮ ಜಗಲಿಯಲ್ಲಿ ಬೇರೆಯವರು ಆಡಿದರೆ, ಅಲ್ಲಿಯೇ ಅಲ್ಲ ಎನ್ನಿ. ಅವಳು ಮರಳಿ ಬಂದರೆ ಬಾಗಿಲು ತೆರೆದಿರಲಿ. ಬಾರದಿದ್ದರೆ ಒಳ್ಳೆಯ ಮಾತು ಹೇಳಿ ಕಳಿಸಿ, ಅದು ಇನ್ನೊಂದು ಮನೆಯಲ್ಲಿ ಅವಳಿಗೆ ಕೆಲಸ ಕೊಡಿಸುತ್ತದೆ. ಎಲ್ಲಕ್ಕಿಂತ ಮೊದಲು, ಅವಳದೇನಾದರೂ ನಿಮ್ಮಲ್ಲಿದೆಯೇ ನೋಡಿ. ಇದ್ದರೆ ಇವತ್ತೇ ಕೊಟ್ಟುಬಿಡಿ. ನಾಳೆ ಎಂಬುದು ನಮ್ಮ ಲೆಕ್ಕ. ಅವಳ ಮನೆಯಲ್ಲಿ ಹೊತ್ತು ಬೇರೆಯೇ ಓಡುತ್ತಿರಬಹುದು.

ಕಾತ್ಯಾಯನಿ ಆ ಜಗಲಿಯ ನೆಲದ ಮೇಲೆ, ಚಲುವಮ್ಮನ ಪಕ್ಕದಲ್ಲಿ ಕೂತಳು. ಇಷ್ಟು ವರ್ಷ ಏನು ಕೊಡುವುದಿದ್ದರೂ ಹಿತ್ತಲ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದವಳು. ಮಡಿಲಿನಿಂದ ಅರಸಿನ ಬಟ್ಟೆಯ ಗಂಟು ತೆಗೆದಳು. ಚಲುವಮ್ಮನ ಒರಟು ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು, ಗಂಟನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.